ಪಾಲಾಗದ ಕಾಫಿ ತೋಟ: ತಮ್ಮ ತನ್ನ ಕಾಲು ಭಾಗವನ್ನ ಹೊರಗಿನವರಿಗೆ ಮಾರಿದರೆ ಉಳಿದ ಮೂವರ ಹಕ್ಕು ಏನಾಗುತ್ತೆ?

ಹೂಮಳೆ (ಸಕಲೇಶಪುರ ತಾಲ್ಲೂಕು)

ನಾಲ್ಕು ಜನರ ಹೆಸರಲ್ಲಿರೋ ತೋಟ. ಒಂದೇ ಸರ್ವೆ ನಂಬರ್, ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 8 ಎಕರೆ 20 ಗುಂಟೆ, ಅದರಲ್ಲಿ 20 ಗುಂಟೆ ಬಿ ಖರಾಬು. ರೋಬಸ್ಟಾ ಗಿಡ, ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ. ಒಳಗೇ ಹಳೇ ಮನೆ, ಕಣ, ಒಂದು ಕೆರೆ. ತಂದೆ ಸ್ವಂತ ದುಡಿಮೆಯಲ್ಲಿ 1987ರಲ್ಲಿ ಕ್ರಯಕ್ಕೆ ತಗೊಂಡಿದ್ದು. 2014ರಲ್ಲಿ ತೀರಿಕೊಂಡರು, ವಿಲ್ ಇಲ್ಲ. ಪೌತಿ ಖಾತೆಯಾಗಿ (ತೀರಿಕೊಂಡವರ ಬದಲು ವಾರಸುದಾರರ ಹೆಸರು ಬಂದು) ಅಮ್ಮ, ಅಕ್ಕ, ನಾನು, ತಮ್ಮ, ನಾಲ್ಕೂ ಹೆಸರು ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಜಂಟಿಯಾಗಿವೆ. ವಿಭಾಗ ಪತ್ರ ಆಗಿಲ್ಲ.

ತಮ್ಮ ಈಗ ತನ್ನ ಭಾಗವನ್ನ ಹೊರಗಿನವರಿಗೆ ಕೊಡೋಕೆ ಹೊರಟಿದ್ದಾನೆ. ಕರಡು ಕ್ರಯಪತ್ರದ ಷೆಡ್ಯೂಲ್‌ನಲ್ಲಿ "ಉತ್ತರ ಭಾಗದ 2 ಎಕರೆ 5 ಗುಂಟೆ, ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇದೇ ನಂಬರಿನ ಉಳಿಕೆ ಜಮೀನು, ಉತ್ತರಕ್ಕೆ ಡಾಂಬರು ರಸ್ತೆ, ದಕ್ಷಿಣಕ್ಕೆ ಉಳಿಕೆ ಜಮೀನು" ಅಂತ ಇದೆ. ತೋಟಕ್ಕೆ ಇರೋದು ಅದೊಂದೇ ರಸ್ತೆ ಮುಖ.

ನಮ್ಮ ಸಹಿ ಇಲ್ಲದೆ ಅವನು ಮಾರಬಹುದಾ? ಕೊಂಡವರು ನಾಳೆ ಬಂದು ಬೇಲಿ ಹಾಕಬಹುದಾ? ಮನೆಯಲ್ಲೂ ಅವರಿಗೆ ಭಾಗ ಹೋಗುತ್ತಾ? ಗೊತ್ತಿದ್ದವರು ವಿವರವಾಗಿ ಹೇಳಿ.

---

ತಪ್ಪಲಿನವ (ಮುಳ್ಳಯ್ಯನಗಿರಿ ಕಡೆ)

ಜಂಟಿ ಖಾತೆ ಅಂದಮೇಲೆ ಎಲ್ಲರ ಸಹಿ ಬೇಕೇ ಬೇಕು. ಒಬ್ಬರೇ ಮಾಡಿದ ಕ್ರಯ ನಿಲ್ಲಲ್ಲ. ಸುಮ್ಮನೆ ಇರಿ.

---

ಕೋರ್ಟುಕಟ್ಟೆ (ಹಾಸನ)

ತಪ್ಪಲಿನವರೇ, ಈ ಮಾತನ್ನ ನಂಬಿ ಸುಮ್ಮನೆ ಕೂತವರೇ ಕೊನೆಗೆ ಕಷ್ಟಕ್ಕೆ ಸಿಗೋದು. ಇಡೀ ತೋಟ ಮಾರೋಕೆ ಎಲ್ಲರ ಸಹಿ ಬೇಕು, ಸರಿ. ತನ್ನ ಅವಿಭಜಿತ ಪಾಲು ಮಾತ್ರ ಮಾರೋಕೆ ಬೇಡ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಇರೋದೇ ಇದಕ್ಕೆ: ಜಂಟಿ ಮಾಲೀಕರಲ್ಲಿ ಒಬ್ಬರು ತಮ್ಮ ಪಾಲು ಕೊಟ್ಟರೆ, ಕೊಂಡವರು ಆ ಒಬ್ಬರ ಜಾಗದಲ್ಲಿ ಬಂದು ನಿಲ್ತಾರೆ. ಕೊಟ್ಟವರಿಗೆ ಎಷ್ಟು ಹಕ್ಕಿತ್ತೋ ಅಷ್ಟೇ, ಅವರ ಮೇಲೆ ಯಾವ ಹೊಣೆ ಇತ್ತೋ ಅದೂ ಜೊತೆಗೇ. ಪಹಣಿಯ 11ನೇ ಕಾಲಂನಲ್ಲಿ (ಸಾಲ, ಋಣ ಬರೆಯೋ ಕಾಲಂ) ಸಹಕಾರ ಸಂಘದ ಸಾಲ ಕೂತಿದ್ದರೆ ಅದು ಕ್ರಯದಿಂದ ಅಳಿಸಿ ಹೋಗಲ್ಲ.

ಹೂಮಳೆಯವರೇ, ಮೊದಲು ಪಾಲು ಎಷ್ಟು ಅನ್ನೋದು ಖಚಿತವಾಗಲಿ. ತಂದೆಯ ಸ್ವಯಾರ್ಜಿತ, ವಿಲ್ ಇಲ್ಲದೆ ತೀರಿಕೊಂಡಿದ್ದಾರೆ ಅಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಹೆಂಡತಿ ಮತ್ತು ಮೂವರು ಮಕ್ಕಳಿಗೆ ಸಮಪಾಲು, ತಲಾ ಕಾಲು ಭಾಗ. ಅಕ್ಕನಿಗೆ ಮದುವೆ ಆಗಿದೆಯೋ ಇಲ್ಲವೋ ಲೆಕ್ಕಕ್ಕಿಲ್ಲ. 19ನೇ ಕಲಂ ಪ್ರಕಾರ ಪ್ರತಿಯೊಬ್ಬರ ಪಾಲೂ ಅವರವರದ್ದೇ, ಅದನ್ನ ಮಾರಬಹುದು, ದಾನ ಕೊಡಬಹುದು, ವಿಲ್ ಬರೆಯಬಹುದು. ಆದರೆ 1987ರಲ್ಲಿ ಕೊಳ್ಳೋಕೆ ಹಣ ಎಲ್ಲಿಂದ ಬಂತು ಅನ್ನೋ ಕಾಗದ ನೋಡಿಟ್ಟುಕೊಳ್ಳಿ. ಅಜ್ಜನ ಕಾಲದ ಗದ್ದೆ ಮಾರಿ ಆ ದುಡ್ಡಲ್ಲಿ ತೋಟ ತಗೊಂಡಿದ್ದರೆ ಅದು ಪಿತ್ರಾರ್ಜಿತ ಅನ್ನೋ ವಾದ ಏಳುತ್ತೆ. ಆಗ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು, ತಂದೆಯ ಪಾಲು ಮಾತ್ರ ಎಲ್ಲರಿಗೂ ಹಂಚಿಕೆ, ಇಡೀ ಲೆಕ್ಕವೇ ಬದಲಾಗುತ್ತೆ. ಪಿತ್ರಾರ್ಜಿತದಲ್ಲಿ ಒಬ್ಬ ಪಾಲುದಾರ ತನ್ನ ಅವಿಭಜಿತ ಹಕ್ಕನ್ನ ಹಣಕ್ಕೆ ಮಾರಿದರೆ ನಮ್ಮ ಕಡೆ ನಿಲ್ಲುತ್ತೆ. ಉಳಿದವರ ಒಪ್ಪಿಗೆ ಇಲ್ಲದೆ ದಾನ ಕೊಟ್ಟರೆ ನಿಲ್ಲಲ್ಲ. ಅಲ್ಲಿ ಕೊಂಡವರಿಗೆ ನೇರ ಸ್ವಾಧೀನವೂ ಇಲ್ಲ, ವಿಭಾಗದ ದಾವೆ ಹಾಕೋದೊಂದೇ ದಾರಿ.

ಈಗ ಷೆಡ್ಯೂಲ್. ತಮ್ಮನಿಗಿರೋದು ಕಾಲು ಭಾಗ, ಅಂದರೆ ತೋಟದ ಪ್ರತಿ ಗುಂಟೆಯಲ್ಲೂ ಕಾಲು ಭಾಗ. ರಸ್ತೆ ಪಕ್ಕದ ತುಂಡು ಅವನದ್ದಲ್ಲ, ಹಿಂದಿನ ಹಳ್ಳದ ಪಕ್ಕದ್ದೂ ಪೂರ್ತಿ ನಿಮ್ಮದಲ್ಲ. ಹದ್ದುಬಸ್ತು ಗುರುತಿಸಿ ವಿಭಾಗ ಆಗೋವರೆಗೂ ಯಾವ ತುಂಡು ಯಾರಿಗೆ ಅನ್ನೋದು ಹುಟ್ಟೇ ಇಲ್ಲ. ಹಾಗಾಗಿ ಚಕ್ಕುಬಂದಿ ಹಾಕಿ ಮಾರಿದರೂ ಕಾನೂನಿನ ಕಣ್ಣಲ್ಲಿ ದಾಟೋದು ಅವನ ಕಾಲು ಭಾಗದ ಹಕ್ಕು ಮಾತ್ರ. ಆ ಚಕ್ಕುಬಂದಿ ಉಳಿದ ಮೂವರನ್ನ ಕಟ್ಟಿಹಾಕಲ್ಲ. ಸರಿಯಾದ ಷೆಡ್ಯೂಲ್ ಅಂದರೆ "ಸದರಿ ಸರ್ವೆ ನಂಬರಿನ ಒಟ್ಟು ಜಮೀನಿನಲ್ಲಿ ಮಾರುವವರಿಗೆ ಸೇರಿದ 1/4 ಅವಿಭಜಿತ ಹಕ್ಕು" ಅಂತ ಬರೆದು, ಚಕ್ಕುಬಂದಿಯನ್ನ ಇಡೀ ನಂಬರಿಗೆ ಕೊಡೋದು.

ಆದರೂ ಆ ಕರಡನ್ನ ಹಗುರವಾಗಿ ತಗೋಬೇಡಿ. ನಾಳೆ ವಿಭಾಗದ ದಾವೆಯಲ್ಲಿ ಕೊಂಡವರು "ನಾನು ಹಣ ಕೊಟ್ಟು ತಗೊಂಡ ಜಾಗವನ್ನೇ ನನಗೆ ಮಾರಿದವರ ಪಾಲಿಗೆ ಹಾಕಿ" ಅಂತ ಕೇಳ್ತಾರೆ. ಉಳಿದವರಿಗೆ ಅನ್ಯಾಯ ಆಗದಿದ್ದರೆ ನ್ಯಾಯಾಲಯಗಳು ಅದನ್ನ ಒಪ್ಪೋದೂ ಉಂಟು. ನಿಮ್ಮ ತೋಟದಲ್ಲಿ ಅನ್ಯಾಯ ಆಗುತ್ತೆ, ಯಾಕಂದ್ರೆ ರಸ್ತೆ ಮುಖ ಅದೊಂದೇ. ಈ ಅಂಶ ದಾವೆಯಲ್ಲಿ ಮೊದಲ ದಿನದಿಂದಲೇ ದಾಖಲಾಗಿರಬೇಕು. ವರ್ಷಗಟ್ಟಲೆ ಸುಮ್ಮನಿದ್ದು, ಅವರು ಅಲ್ಲಿ ಶೆಡ್ಡು ಕಟ್ಟಿ, ಬೋರ್ ಕೊರೆಸಿ ಆದಮೇಲೆ ಎದ್ದರೆ ವಾದಕ್ಕೆ ಬಲ ಇರಲ್ಲ.

---

ಸರ್ವೆಕಲ್ಲು (ಚಿಕ್ಕಮಗಳೂರು)

ಮೇಲೆ ಹೇಳಿದ್ದು ಕಾನೂನು. ಕಚೇರಿಯಲ್ಲಿ ಏನಾಗುತ್ತೆ ಅಂತ ನಾನು ಸೇರಿಸ್ತೀನಿ.

2 ಎಕರೆ 5 ಗುಂಟೆ ಅನ್ನೋ ಅಂಕಿಯೇ ತಪ್ಪು. 8 ಎಕರೆ 20 ಗುಂಟೆ ಅಂದರೆ 340 ಗುಂಟೆ, ನಾಲ್ಕರಿಂದ ಭಾಗಿಸಿದರೆ 85 ಗುಂಟೆ ಬರುತ್ತೆ, ಅವರು ಹಾಗೇ ಲೆಕ್ಕ ಹಾಕಿದ್ದಾರೆ. ಬಿ ಖರಾಬು ಅಂದರೆ ಹಳ್ಳ, ದಾರಿ, ಸಾರ್ವಜನಿಕ ಉಪಯೋಗದ್ದು. ಅದು ಯಾರ ಪಾಲಿಗೂ ಬರಲ್ಲ. 20 ಗುಂಟೆ ಕಳೆದು ಉಳಿಯೋ 320 ಗುಂಟೆಯಲ್ಲಿ ಕಾಲು ಭಾಗ ಅಂದರೆ 80 ಗುಂಟೆ, ಸರಿಯಾಗಿ 2 ಎಕರೆ. ಹೆಚ್ಚುವರಿ 5 ಗುಂಟೆ ಅವನು ಮಾರೋಕೆ ಅವನದ್ದಲ್ಲ, ಅಷ್ಟರ ಮಟ್ಟಿಗೆ ಪತ್ರ ಬರೀ ಕಾಗದ. ಎ ಖರಾಬು ಆಗಿದ್ದರೆ ಬೇರೆ ಮಾತು, ಅದು ಹಿಡುವಳಿದಾರರದ್ದೇ. ಪಹಣಿಯ ಖರಾಬು ಕಾಲಂನಲ್ಲಿ ಎ ಮತ್ತು ಬಿ ಬೇರೆಬೇರೆ ಇರುತ್ತೆ, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ಮೂಲ ದಾಖಲೆ) ತೆಗೆಸಿ ತಾಳೆ ನೋಡಿ. ಎರಡೂ ಹೊಂದದ ಪಹಣಿಗಳು ಮಲೆನಾಡಲ್ಲಿ ಬೇಕಾದಷ್ಟಿವೆ.

ಸರ್ವೆ ನಂಬರಿನ ಒಂದು ತುಂಡನ್ನ ಗುರುತಿಸಿ ಮಾರಬೇಕಾದರೆ 11ಇ ನಕ್ಷೆ (ಆ ತುಂಡನ್ನ ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು. ಅದಕ್ಕೆ ಸರ್ವೆ ಇಲಾಖೆಯ ಮೋಜಿಣಿ ತಂತ್ರಾಂಶದಲ್ಲಿ ಅರ್ಜಿ, ಭೂಮಾಪಕರ ಅಳತೆ. ಜಂಟಿ ಖಾತೆಯಲ್ಲಿ ಯಾರಿಗೆ ಎಷ್ಟು ವಿಸ್ತೀರ್ಣ ಅನ್ನೋದು ಬಿಡಿಯಾಗಿ ಇಲ್ಲದಿದ್ದಾಗ, ಉಳಿದ ಖಾತೆದಾರರು ಒಪ್ಪದೆ ಅಳತೆ ಮುಂದಕ್ಕೆ ಹೋಗೋದು ಕಷ್ಟ. ತಪ್ಪಲಿನವರು "ಸಹಿ ಬೇಕು" ಅಂದಿದ್ದು ಬಹುಶಃ ಇದನ್ನ ನೋಡಿ. ಅಳತೆಗೆ ಬಂದ ದಿನ ನೀವು ಸ್ಥಳದಲ್ಲಿರಿ, ಆಕ್ಷೇಪಣೆಯನ್ನ ಬರೆದು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಕಡತಕ್ಕೆ ಹೋಗಲ್ಲ. ಯಾರೇ ಬಂದು "ಸುಮ್ಮನೆ ಹಾಜರಿಗೆ" ಅಂತ ಸಹಿ ಕೇಳಿದರೂ ಮೇಲೆ ಏನು ಬರೆದಿದೆ ಅಂತ ಪೂರ್ತಿ ಓದದೆ ಹಾಕಬೇಡಿ. ಒಪ್ಪಿಗೆ ಪತ್ರಗಳು ಹುಟ್ಟೋದೇ ಅಲ್ಲಿ.

ನೋಂದಣಿ ಕಚೇರಿಗೆ ತಕರಾರು ಅರ್ಜಿ ಕೊಟ್ಟರೆ ಕ್ರಯ ನಿಂತುಬಿಡುತ್ತೆ ಅನ್ನೋ ನಂಬಿಕೆಯೂ ಇದೆ. ಉಪನೋಂದಣಾಧಿಕಾರಿ ಹಕ್ಕಿನ ವಿಚಾರಣೆ ಮಾಡೋರಲ್ಲ. ತಡೆಯೋದು ನ್ಯಾಯಾಲಯದ ಆದೇಶ ಮಾತ್ರ.

ಕ್ರಯ ಆಗೇ ಹೋಯ್ತು ಅನ್ಕೊಳ್ಳಿ. ನೋಂದಣಿ ವಿವರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಪಹಣಿಯ ಭೂಮಿ ತಂತ್ರಾಂಶಕ್ಕೆ ಹೋಗಿ ಹಕ್ಕು ಬದಲಾವಣೆಯ (ಎಂಆರ್) ನೋಟಿಸ್ ಹೊರಡುತ್ತೆ. ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಬರುತ್ತೆ. ಅಲ್ಲಿನ ಆದೇಶದ ಮೇಲೆ ಭೂಕಂದಾಯ ಕಾಯ್ದೆಯ 136ನೇ ಕಲಂನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ (ನಿಮಗೆ ಸಕಲೇಶಪುರದಲ್ಲೇ ಕಚೇರಿ), ಆಮೇಲೆ ಜಿಲ್ಲಾಧಿಕಾರಿಗೆ. ಆದರೆ ಎಂಆರ್ ನಿಂತ ಮಾತ್ರಕ್ಕೆ ಕ್ರಯ ರದ್ದಾಗಲ್ಲ, ಎಂಆರ್ ಆದ ಮಾತ್ರಕ್ಕೆ ಹಕ್ಕು ಹುಟ್ಟಲ್ಲ. ಪಹಣಿಯಲ್ಲಿ ಕೊಂಡವರ ಹೆಸರು ಬಂದರೂ ಅವರು ನಾಲ್ಕನೇ ಜಂಟಿದಾರರು ಅಷ್ಟೇ. ಪೋಡಿ ಆಗಿ, ಅಂದರೆ ಸರ್ವೆ ನಂಬರನ್ನೇ ತುಂಡು ಮಾಡಿ, ಹೊಸ ಹಿಸ್ಸಾ ನಂಬರ್ ಬಿದ್ದರೆ ಮಾತ್ರ ಎದ್ದು ಓಡಬೇಕು.

ಇನ್ನೊಂದು: ಈ ಜಮೀನು ಹಿಂದೆ ಯಾವಾಗಲಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದಾ ನೋಡಿ. ಹೌದಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ, ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆ ಅನೂರ್ಜಿತ. ಕುಟುಂಬದೊಳಗಿನ ವಿಭಾಗ ಮತ್ತು ವಿಲ್ ಮಾತ್ರ ಆ ಕಾಯ್ದೆಯ "ವರ್ಗಾವಣೆ"ಯಲ್ಲಿ ಸೇರಲ್ಲ.

---

ಹೂಮಳೆ

ತುಂಬಾ ಉಪಕಾರ. ಮಂಜೂರಾತಿ ಜಮೀನಲ್ಲ, 1987ರ ಕ್ರಯ ಪೂರ್ತಿ ಸಂಬಳದ ಉಳಿತಾಯದ್ದು, ಬ್ಯಾಂಕ್ ಪಾಸ್‌ಬುಕ್ ಇದೆ. ಇನ್ನು ಮೂರು ಪ್ರಶ್ನೆ. ಅದೇ ಬೆಲೆಗೆ ನಾನು ಅಥವಾ ಅಕ್ಕ ತಗೋತೀವಿ ಅಂದರೆ ತಮ್ಮ ನಮಗೇ ಕೊಡಬೇಕಾ? ಮನೆ ಕಥೆ ಏನು? ಅಮ್ಮ ತನ್ನ ಭಾಗವನ್ನ ಅಕ್ಕನಿಗೆ ಹಕ್ಕು ಬಿಡುಗಡೆ ಮಾಡ್ತೀನಿ ಅಂತಿದ್ದಾರೆ, ಅದು ಸರಿಯಾ?

---

ಕೋರ್ಟುಕಟ್ಟೆ

ಮೊದಲನೇದು ನಿಮ್ಮ ಕೈಲಿರೋ ಒಳ್ಳೇ ಅಸ್ತ್ರ, ಹೆಚ್ಚಿನವರು ಬಳಸೋದೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ. ವಿಲ್ ಇಲ್ಲದೆ ತೀರಿಕೊಂಡವರ ಆಸ್ತಿ ಮೊದಲ ವರ್ಗದ (ಹೆಂಡತಿ, ಮಕ್ಕಳು ಮೊದಲಾದ) ಇಬ್ಬರು ಅಥವಾ ಹೆಚ್ಚು ವಾರಸುದಾರರಿಗೆ ಬಂದಿದ್ದು, ಅವರಲ್ಲಿ ಒಬ್ಬರು ತಮ್ಮ ಪಾಲು ಪರಭಾರೆ ಮಾಡಲು ಹೊರಟರೆ, ಉಳಿದ ವಾರಸುದಾರರಿಗೆ ಅದನ್ನ ಕೊಳ್ಳುವ ಮೊದಲ ಹಕ್ಕು. ಕೃಷಿ ಜಮೀನಿಗೂ ಇದು ಅನ್ವಯಿಸುತ್ತೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಬಾಬು ರಾಮ್ ವಿರುದ್ಧ ಸಂತೋಖ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಬೆಲೆ ಮಾತಲ್ಲಿ ಹೊಂದದಿದ್ದರೆ ನ್ಯಾಯಾಲಯ ನಿಗದಿ ಮಾಡುತ್ತೆ. ಆ ಬೆಲೆಗೆ ಕೊಳ್ಳೋಕೆ ಕೇಳಿದವರೇ ಹಿಂದೆ ಸರಿದರೆ ಅರ್ಜಿಯ ಖರ್ಚು ಅವರ ತಲೆಗೆ. ನೀವೂ ಅಕ್ಕನೂ ಇಬ್ಬರೂ ಕೇಳಿದರೆ ಹೆಚ್ಚು ಕೊಡೋರಿಗೆ ಸಿಗುತ್ತೆ, ಹಾಗಾಗಿ ನಿಮ್ಮೊಳಗೆ ಮೊದಲೇ ಮಾತಾಡ್ಕೊಳ್ಳಿ.

ಮಾಡಬೇಕಾದ್ದು ಇಷ್ಟು: ಈ ವಾರವೇ ವಕೀಲರ ಮೂಲಕ ತಮ್ಮನಿಗೂ, ಕೊಳ್ಳಲಿರುವವರಿಗೂ ನೋಟಿಸ್. ಅದರಲ್ಲಿ ಆಸ್ತಿ ಅವಿಭಜಿತ, ಚಕ್ಕುಬಂದಿ ನಮ್ಮ ಮೇಲೆ ಬಂಧನಕಾರಿಯಲ್ಲ, 22ನೇ ಕಲಂನ ಹಕ್ಕು ಚಲಾಯಿಸುತ್ತೇವೆ, ಕೊಳ್ಳಲು ಸಿದ್ಧ ಅನ್ನೋ ನಾಲ್ಕೂ ಮಾತು ಸ್ಪಷ್ಟ ಇರಲಿ. ಅಂಚೆಯ ಸ್ವೀಕೃತಿ ಕಾರ್ಡ್ ಜೋಪಾನ. ಕೊಳ್ಳೋರಿಗೆ ಕಳಿಸೋದು ಮುಖ್ಯ, ಆಮೇಲೆ "ನನಗೆ ಗೊತ್ತೇ ಇರಲಿಲ್ಲ" ಅನ್ನೋ ಹಾಗಿಲ್ಲ. ನೂರಕ್ಕೆ ಎಂಬತ್ತು ವ್ಯವಹಾರ ಇಂಥ ನೋಟಿಸ್ ಸಿಕ್ಕ ದಿನವೇ ತಣ್ಣಗಾಗುತ್ತೆ ಅಂತ ನಾನು ಹೇಳಲ್ಲ, ಆದರೆ ಬುದ್ಧಿ ಇರೋ ಯಾರೂ ಅದನ್ನ ಓದಿ ಮುಂಗಡ ಹೆಚ್ಚಿಸಲ್ಲ. ನಿಮ್ಮನ್ನ ಕೇಳದೇ ಕ್ರಯ ಆದರೆ ಅದು ತಾನಾಗಿ ರದ್ದಾಗಲ್ಲ, ದಾವೆ ಹೂಡಿ ಹಕ್ಕು ಜಾರಿ ಮಾಡಿಸಬೇಕು, ತಡ ಮಾಡದೆ.

ದಾವೆಗೆ ಬಂದರೆ ವಿಭಾಗ ಮತ್ತು ಪ್ರತ್ಯೇಕ ಸ್ವಾಧೀನಕ್ಕೆ ಹಾಕಿ, ಎಲ್ಲ ಜಂಟಿ ಆಸ್ತಿ ಸೇರಿಸಿ, ಎಲ್ಲ ಪಾಲುದಾರರನ್ನೂ ಕೊಂಡವರನ್ನೂ ಪಕ್ಷಗಾರರನ್ನಾಗಿ ಮಾಡಿ. ಒಂದು ಆಸ್ತಿ ಬಿಟ್ಟುಹೋದರೆ ಭಾಗಶಃ ವಿಭಾಗ ಅನ್ನೋ ತಕರಾರು ಬರುತ್ತೆ. ಕ್ರಯಪತ್ರ ರದ್ದು ಮಾಡಿ ಅಂತ ಕೇಳೋ ಅಗತ್ಯ ನಿಮಗಿಲ್ಲ. ನೀವು ಅದಕ್ಕೆ ಸಹಿ ಹಾಕಿದವರಲ್ಲ, "ನಮ್ಮ 3/4 ಪಾಲಿಗೆ ಬಂಧನಕಾರಿಯಲ್ಲ" ಅನ್ನೋ ಘೋಷಣೆ ಸಾಕು. ಸ್ವಾಧೀನ ಇನ್ನೂ ಜಂಟಿಯಾಗಿದೆ ಅಂತ ನಿಜವಾಗಿ ಬರೆಯೋ ಸ್ಥಿತಿ ಇದ್ದರೆ ನ್ಯಾಯಾಲಯ ಶುಲ್ಕ ನಿಗದಿತ ಸಣ್ಣ ಮೊತ್ತ. ಹೊರಗೆ ಹಾಕಿಸಿಕೊಂಡ ಮೇಲೆ ಹೋದರೆ ಪಾಲಿನ ಮಾರುಕಟ್ಟೆ ಬೆಲೆ ಮೇಲೆ ಕಟ್ಟಬೇಕು. ಜೊತೆಗೇ ಮಧ್ಯಂತರ ಅರ್ಜಿ: ಪರಭಾರೆ ಬೇಡ, ಮರ ಕಡಿಯೋದು ಬೇಡ, ಜಮೀನಿನ ಸ್ವರೂಪ ಬದಲಿಸೋದು ಬೇಡ. ಜಂಟಿದಾರರು ಒಳಗೆ ಬರದ ಹಾಗೆ ತಡೆ ಕೊಡಿ ಅಂದರೆ ಸಾಮಾನ್ಯವಾಗಿ ಸಿಗಲ್ಲ. ಸಿಲ್ವರ್ ಕಡಿದು ಮಾರದ ಹಾಗೆ ತಡೆ ಸಿಗುತ್ತೆ. ದಾವೆ ನಡೆಯುವಾಗ ಕೊಂಡವರು ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ತೀರ್ಪಿಗೆ ಕಟ್ಟುಬಿದ್ದವರು. ದಾವೆ ಇರೋದು ಇಸಿಯಲ್ಲಿ (ಋಣಭಾರ ಪತ್ರ) ಕಾಣೋದಿಲ್ಲ ಅನ್ನೋದು ಕೊಳ್ಳೋರಿಗೆ ಒಂದು ಎಚ್ಚರಿಕೆ.

ಮನೆ ವಿಷಯದಲ್ಲಿ ನೀವು ನೆಮ್ಮದಿಯಾಗಿರಬಹುದು. ಅದೇ 44ನೇ ಕಲಂನ ಎರಡನೇ ಭಾಗ: ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವರಿಗೆ ಜಂಟಿ ಸ್ವಾಧೀನದ ಹಕ್ಕಿಲ್ಲ. ಒಂದು ಕೋಣೆಗೆ ಬೀಗ ಹಾಕಿ ಕೂರೋ ಹಾಗಿಲ್ಲ, ಅದಕ್ಕೆ ತಡೆಯಾಜ್ಞೆ ಸಿಗುತ್ತೆ. ಅವರು ವಿಭಾಗಕ್ಕೆ ದಾವೆ ಹಾಕಿದರೆ 1893ರ ವಿಭಾಗ ಕಾಯ್ದೆಯ 4ನೇ ಕಲಂ ಪ್ರಕಾರ ಕುಟುಂಬದವರು ಆ ಪಾಲನ್ನ ನ್ಯಾಯಾಲಯ ಕಟ್ಟಿದ ಬೆಲೆಗೆ ಕೊಂಡುಬಿಡಬಹುದು. ಇದು ಮನೆಗೆ ಮತ್ತು ಅದರ ಬಳಕೆಗೆ ಬೇಕಾದ ಅಂಗಳಕ್ಕೆ ಮಾತ್ರ. ಎಂಟೆಕರೆ ತೋಟವನ್ನೂ ಮನೆಯ ಅಂಗಳ ಅಂತ ವಾದಿಸೋಕೆ ಹೋಗಬೇಡಿ.

ಅಮ್ಮನ ಬಿಡುಗಡೆ ಪತ್ರ. ಮಾಡಬಹುದು, ಆದರೆ ಯಾರ ಹೆಸರಿಗೆ, ಎಷ್ಟು ಭಾಗ ಅಂತ ಬರೆಯಲೇಬೇಕು. "ನನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ" ಅಂತಷ್ಟೇ ಇದ್ದರೆ ಅದು ಉಳಿದ ಎಲ್ಲರಿಗೂ ಅನ್ನೋ ಅರ್ಥ ಬಂದು, ತಮ್ಮನಿಗೂ ಪಾಲು ಹೋಗುತ್ತೆ. ಅಕ್ಕನ ಹೆಸರಿಗೇ ಆದರೆ ಅಕ್ಕನದ್ದು 1/2, ನಿಮ್ಮದು 1/4, ತಮ್ಮನದ್ದು ಅಥವಾ ಕೊಂಡವರದ್ದು 1/4. ನೋಂದಣಿ ಕಡ್ಡಾಯ. ಕುಟುಂಬದೊಳಗೆ ಮುದ್ರಾಂಕ ಶುಲ್ಕ ರಿಯಾಯಿತಿಯದ್ದು. ಅದೇ ಹೊರಗಿನವರಿಗೆ ಕ್ರಯವಾದರೆ ಮಾರ್ಗಸೂಚಿ ಬೆಲೆ ಮತ್ತು ಕ್ರಯದ ಮೊತ್ತದಲ್ಲಿ ಯಾವುದು ಹೆಚ್ಚೋ ಅದರ ಮೇಲೆ 5 ಪರ್ಸೆಂಟ್, ಸೆಸ್ ಮತ್ತು ಸರ್ಚಾರ್ಜ್ ಸೇರಿ ಗ್ರಾಮಾಂತರದಲ್ಲಿ 5.65, ಮೇಲೆ ನೋಂದಣಿ ಶುಲ್ಕ 2 ಪರ್ಸೆಂಟ್ (2025ರ ಆಗಸ್ಟ್ 31ರಿಂದ, ಅದಕ್ಕೂ ಮೊದಲು 1 ಇತ್ತು).

ಅಮ್ಮ ಒಮ್ಮೆ ಬರೆದುಕೊಟ್ಟ ಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ. ಬರೆಯೋದೇ ಆದರೆ "ಜೀವಿತಾವಧಿಯವರೆಗೆ ಅನ್ನ, ವಸತಿ, ವೈದ್ಯ ನೋಡಿಕೊಳ್ಳತಕ್ಕದ್ದು" ಅನ್ನೋ ಷರತ್ತು ಪತ್ರದಲ್ಲೇ ಇರಲಿ. ಅದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಉಪಯೋಗಕ್ಕೆ ಬರುತ್ತೆ, ಷರತ್ತಿಲ್ಲದ ಪತ್ರಕ್ಕೆ ಆ ರಕ್ಷಣೆ ಸಿಗೋದು ಕಷ್ಟ. ನನ್ನನ್ನ ಕೇಳಿದರೆ ವಿಲ್ ವಾಸಿ. ಬದುಕಿರೋವರೆಗೂ ಕಾಲು ಭಾಗ ಅವರ ಕೈಲೇ ಇರುತ್ತೆ, ಬದಲಿಸಲೂಬಹುದು.

ಬಿಡುಗಡೆಯೂ ಬೇಡ ವಿಲ್ಲೂ ಬೇಡ ಅಂತ ಹಾಗೇ ಬಿಟ್ಟರೆ ಏನಾಗುತ್ತೆ ನೋಡಿ. ತನ್ನ ಪಾಲು ಮಾರಿ ಹೋದ ತಮ್ಮ, ಅಮ್ಮನ ನಂತರ ಅವರ ಕಾಲು ಭಾಗದಲ್ಲಿ ಮೂರರಲ್ಲೊಂದಕ್ಕೆ ಮತ್ತೆ ವಾರಸುದಾರ. ಆಗ ನಿಮಗೆ 1/3, ಅಕ್ಕನಿಗೆ 1/3, ಕೊಂಡವರಿಗೆ 1/4, ತಮ್ಮನಿಗೆ 1/12. ನಿಮ್ಮ ತೋಟದ ಲೆಕ್ಕದಲ್ಲಿ ಸುಮಾರು 27 ಗುಂಟೆ. ಅವನನ್ನ ದೂರ ಇಟ್ಟು ಮಾಡಿದ ಯಾವ ಹೊಂದಾಣಿಕೆಯೂ ಅಲ್ಲಿಗೆ ಕೆಟ್ಟಿತು.

---

ತೆಂಗಿನಗರಿ (ಅರಸೀಕೆರೆ)

ಹೊರಗಿನವರು ಪೂರ್ತಿ ಒಳಗೆ ಬರೋ ಮೊದಲು ನಾಲ್ವರೇ ಕೂತು ವಿಭಾಗ ಪತ್ರ ಮಾಡಿಕೊಂಡು, ಆಮೇಲೆ ತಮ್ಮ ತನ್ನ 2 ಎಕರೆ ಯಾರಿಗಾದರೂ ಮಾರಲಿ ಅನ್ನೋದೂ ಒಂದು ದಾರಿ. ಆದರೆ ವಿಭಾಗ ಆದಮೇಲೆ ಆ ತುಂಡಿನ ಮೇಲೆ ನಿಮ್ಮ ಹಿಡಿತ ಇರಲ್ಲ. ಅದಕ್ಕೆ ಪತ್ರದ ಒಳಗಿನ ವಿವರ ಗಟ್ಟಿ ಇರಬೇಕು.

ತೋಟದ ವಿಭಾಗದಲ್ಲಿ ಎಡವೋದು ಎಕರೆ ಲೆಕ್ಕದಲ್ಲಲ್ಲ. ರಸ್ತೆಯಿಂದ ಹಿಂದಿನ ಪಾಲುಗಳಿಗೆ ದಾರಿ ಎಷ್ಟು ಅಡಿ ಅಗಲ, ಲಾರಿ ಹೋಗುತ್ತಾ, ಎಲ್ಲಿಂದ ಎಲ್ಲಿಗೆ ಅಂತ ನಕ್ಷೆಯಲ್ಲೇ ಗುರುತಿಸಿ. "ರೂಢಿಯಂತೆ ದಾರಿ" ಅಂತ ಬರೆದ ಪತ್ರಗಳೇ ಹಾಸನದ ಕೋರ್ಟಲ್ಲಿ ಕೊಳೀತಿರೋದು. ಕೆರೆ ನೀರು ಯಾರಿಗೆ, ಪಂಪ್‌ಸೆಟ್‌ನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾರ ಹೆಸರಲ್ಲಿದೆ, ಪೈಪ್ ಯಾರ ಪಾಲಿನ ಮೇಲೆ ಹಾಯುತ್ತೆ, ಹೂವಿನ ನೀರಿಗೆ ಸ್ಪ್ರಿಂಕ್ಲರ್ ಸರದಿ ಹೇಗೆ. ರೋಬಸ್ಟಾಗೆ ಫೆಬ್ರವರಿ, ಮಾರ್ಚ್‌ನಲ್ಲಿ ನಾಲ್ಕೂ ಜನಕ್ಕೆ ಒಂದೇ ವಾರ ನೀರು ಬೇಕು. ಕಣ ಒಬ್ಬರ ಪಾಲಿಗೆ ಬಿದ್ದರೆ ಉಳಿದವರು ಒಣಗಿಸೋದು ಎಲ್ಲಿ? ಅದನ್ನ ಜಂಟಿಯಾಗಿ ಉಳಿಸಿ, ಇಲ್ಲವಾದರೆ ಬೆಲೆ ಕಟ್ಟಿ ಉಳಿದವರಿಗೆ ಹಣ ಕೊಡಿ. ಹಳೇ ಗಿಡದ ಎರಡೆಕರೆ, ಫಸಲು ತುಂಬಿದ ಎರಡೆಕರೆ ಸಮ ಅಲ್ಲ, ಅಲ್ಲೂ ಅದೇ ಹೊಂದಾಣಿಕೆ ಹಣ. ಅಮ್ಮನಿಗೆ ಮನೆಯಲ್ಲಿ ಇರೋ ಹಕ್ಕು ಪ್ರತ್ಯೇಕ ಕಲಂ ಆಗಿ ಬರಲಿ.

ಬಿಳಿ ಹಾಳೆ ಮೇಲೆ ಪಂಚಾಯ್ತರ ಸಹಿ ಹಾಕಿಸಿ ಪಾರೀಕತ್ತು (ಪಾಲುಪಟ್ಟಿ) ಮಾಡ್ಕೊಂಡು ಸಾಕು ಅನ್ಕೋಬೇಡಿ. ನೋಂದಣಿಯಾಗದ ವಿಭಾಗ ಪತ್ರವನ್ನ ಹಕ್ಕಿನ ಸಾಕ್ಷ್ಯವಾಗಿ ನ್ಯಾಯಾಲಯ ಓದಲ್ಲ.

ಮಾತುಕತೆ ಎಳೆದಾಡಿದರೆ ಈ ಸಲದ ಫಸಲಿನ ಲೆಕ್ಕ ಈಗಿನಿಂದಲೇ ಇಡಿ. ಕೊಯ್ಲಿನ ಕೂಲಿ, ಗೊಬ್ಬರ, ಔಷಧಿ, ಡೀಸೆಲ್, ಚೆರ್ರಿ ಮಾರಿದ ಬಿಲ್ಲು ಎಲ್ಲ ಒಂದೇ ಖಾತೆಯಲ್ಲಿ. ತೋಟ ನೋಡಿಕೊಂಡ ಜಂಟಿದಾರರು ಖರ್ಚು ಕಳೆದು ಉಳಿದದ್ದರಲ್ಲಿ ಇತರರ ಪಾಲಿಗೆ ಲೆಕ್ಕ ಕೊಡಬೇಕು. ಬಿಲ್ಲಿಲ್ಲದ ಖರ್ಚನ್ನ ಮುಂದೆ ಯಾರೂ ಒಪ್ಪಲ್ಲ. ಕ್ರಯ ಆಗಿಬಿಟ್ಟರೆ ಅಂದಿನಿಂದ ಕಾಲು ಭಾಗದ ನಿವ್ವಳ ಆದಾಯ ಕೇಳೋ ಹಕ್ಕು ಕೊಂಡವರಿಗೆ ಹುಟ್ಟುತ್ತೆ, ಅವರು ಕೇಳಿಯೇ ಕೇಳ್ತಾರೆ.

---

ಹೂಮಳೆ

ನೋಟಿಸ್ ಕರಡು ತಯಾರಾಗ್ತಿದೆ. ಆಕಾರ್‌ಬಂದ್‌ಗೆ ಅರ್ಜಿ ಹಾಕಿದ್ದೇವೆ. ಒಂದು ಅನುಮಾನ ಉಳೀತು: ನೋಟಿಸ್‌ನಲ್ಲಿ ನಾವು ಕೊಡೋ ಬೆಲೆ ಬರೆಯಬೇಕಾ?

---

ಕೋರ್ಟುಕಟ್ಟೆ

ನಿಮ್ಮ ಅಂಕಿ ಬರೆಯಬೇಡಿ. "ಉದ್ದೇಶಿತ ಕ್ರಯದ ನಿಜವಾದ ಮೊತ್ತ ತಿಳಿಸಿ, ಆ ಮೊತ್ತಕ್ಕೆ ಅಥವಾ ನ್ಯಾಯಾಲಯ ನಿಗದಿಪಡಿಸುವ ಮೊತ್ತಕ್ಕೆ ಕೊಳ್ಳಲು ಸಿದ್ಧರಿದ್ದೇವೆ" ಅಂತ ಇರಲಿ. ಹಾಗೆ ಬರೆದ ಮೇಲೆ ಹಣ ನಿಜವಾಗಿ ಹೊಂದಿಸಿಟ್ಟುಕೊಳ್ಳಿ. ಅವಿಭಜಿತ ಪಾಲಿನ ಮೇಲೆ ಬ್ಯಾಂಕುಗಳು ಸಾಲ ಕೊಡೋಕೆ ಹಿಂದೇಟು ಹಾಕ್ತವೆ, ತೋಟ ಅಡ ಇಟ್ಟು ತರ್ತೀವಿ ಅನ್ನೋ ಲೆಕ್ಕಾಚಾರ ನಡೆಯಲ್ಲ.